ನಳಿಗೆಯ ಅಡಿಯ ಬರಹ

ಎಲ್ಲರಿಗೂ ನಮಸ್ಕಾರ.

ಹಳೆಯ ಜರ್ಮನ್ ಬೇಟೆಕೋವಿ ಕೈಗೆ ಬಂದರೆ, ಒಳಗೆ ತೋಟೆ ಇಲ್ಲವೆಂದು ನೋಡಿಕೊಂಡ ಮೇಲೆ ಎಲ್ಲರೂ ನಳಿಗೆಯ ಮೇಲಿನ ಹೆಸರನ್ನು ಓದುತ್ತಾರೆ. ‘ಕ್ರುಪ್, ಎಸೆನ್’ ಎಂದು ಕಂಡರೆ ಮುಗಿಯಿತು, ಅದು ಕ್ರುಪ್ ಕೋವಿ! ಬಂಗಾರ ಮಾರಿದವನನ್ನೇ ಅಕ್ಕಸಾಲಿಗ ಎಂದಂತೆ ಇದು. ಎಸೆನ್‌ನ ಉಕ್ಕಿನ ಕಾರ್ಖಾನೆಯಾದ ಕ್ರುಪ್ ಕೊಟ್ಟದ್ದು ನಳಿಗೆಯ ಉಕ್ಕನ್ನು ಮಾತ್ರ.

ಹಾಗಾದರೆ ಮಾಡಿದವರು ಯಾರು? ಕೋವಿ ತಯಾರಿಕೆಗೆ ಹೆಸರಾದ, ಜರ್ಮನಿಯ ತ್ಯೂರಿಂಗಿಯಾದ ಸೂಲ್ ಪಟ್ಟಣದಲ್ಲಿ ಈ ಪ್ರಶ್ನೆಗೆ ಒಂದೇ ಹೆಸರಿನ ಉತ್ತರ ಸಿಗುವುದು ಅಪರೂಪ. ನಳಿಗೆ ಕೊರೆಯುವವನು ಒಬ್ಬ, ಬೀಗದ, ಅಂದರೆ ಗುಂಡು ಹಾರಿಸುವ ಯಂತ್ರದ, ಭಾಗಗಳನ್ನು ಅರದಿಂದ ತಿದ್ದುವವನು ಇನ್ನೊಬ್ಬ, ಆಕ್ರೋಟು ಮರದ ಹಿಡಿ ಕೂರಿಸುವವನು, ಜಿಂಕೆ–ಎಲೆ ಕೆತ್ತುವವನು ಬೇರೆ ಬೇರೆ. ಕೊನೆಗೆ ನಳಿಗೆಯ ಮೇಲೆ ಕೂತದ್ದು ಎಷ್ಟೋ ಬಾರಿ ಅಂಗಡಿಯವನ ಹೆಸರು. ಅಂಗಡಿಯವನ ಹೆಸರಿಗಿಂತ ಕೋವಿಯ ಮೇಲಿನ ಊರಿನ ಹೆಸರು ನಂಬಿಕೆಗೆ ಯೋಗ್ಯ. ‘ಝೆಲ್ಲಾ ಸಾಂಕ್ಟ್ ಬ್ಲಾಸಿ’ ಎಂದಿದ್ದರೆ ಕೋವಿ ಬಹುತೇಕ 1919ಕ್ಕಿಂತ ಹಿಂದಿನದು. ಆ ವರ್ಷ ಆ ಊರು ಪಕ್ಕದ ಮೇಲಿಸ್‌ನೊಂದಿಗೆ ಸೇರಿ ಝೆಲ್ಲಾ-ಮೇಲಿಸ್ ಆಯಿತು.

ಒಂಟಿ ಗುಂಡಿನ ಕೋವಿಗಳಲ್ಲಿ ನಳಿಗೆಯನ್ನೇ ಬಾಗಿಸಿ ತೆರೆಯುವಂಥದ್ದು ‘ಕಿಪ್‌ಲೌಫ್’. ಹೀರನ್, ಆಯ್ಟ್ ಮಾದರಿಗಳಲ್ಲಿ ನಳಿಗೆ ಅಲುಗುವುದಿಲ್ಲ, ಹಿಂದಿನ ಉಕ್ಕಿನ ತುಂಡು ಕೆಳಗಿಳಿಯುತ್ತದೆ. ಬೆರಳಿನಿಂದ ಎಳೆಯುವ ಕುದುರೆಗಳು (ಟ್ರಿಗರ್) ಎರಡಿದ್ದರೆ ಗಾಬರಿ ಬೇಡ: ಒಂದನ್ನು ಎಳೆದಿಟ್ಟರೆ ಇನ್ನೊಂದು ಉಸಿರು ತಾಕಿದರೂ ಬೀಳುವಷ್ಟು ಹಗುರವಾಗುತ್ತದೆ.

ನಿಜವಾದ ಜಾತಕವಿರುವುದು ನಳಿಗೆಯ ಅಡಿಯಲ್ಲಿ. 1891ರ ಕಾನೂನು 1893ರಲ್ಲಿ ಜಾರಿಗೆ ಬಂದ ಮೇಲೆ ಪ್ರತಿ ನಳಿಗೆಯೂ ಸರ್ಕಾರಿ ಪರೀಕ್ಷೆ ದಾಟಬೇಕಾಯಿತು. ಕಿರೀಟದ ಕೆಳಗೆ ‘ಯು’ ಇದ್ದರೆ ತಪಾಸಣೆ, ‘ಜಿ’ ಇದ್ದರೆ ಒಳಗೆ ಸುರುಳಿ ಗೆರೆ, ‘ಎನ್’ ಇದ್ದರೆ ಹೊಗೆಯಿಲ್ಲದ ಮದ್ದಿನ ಪರೀಕ್ಷೆ. ಚಕ್ರವರ್ತಿ 1918ರಲ್ಲೇ ಹೋದ. ಕೋವಿಯ ಮೇಲಿನ ಕಿರೀಟ 1940ರಲ್ಲಿ ಹದ್ದು ಬರುವ ತನಕ ಉಳಿಯಿತು.

ಅಲ್ಲೇ ‘172.28’ ಎಂಬ ಅಂಕಿ ಕಂಡು ತಲೆ ಕೆಡಿಸಿಕೊಂಡವರು ಅನೇಕರು. ಒಂದು ಇಂಗ್ಲಿಷ್ ಪೌಂಡ್ ಸೀಸದಿಂದ ಅಷ್ಟು ಸಮನಾದ ಗುಂಡುಗಳನ್ನು ಎರೆದರೆ ಒಂದೊಂದರ ವ್ಯಾಸ 7.62 ಮಿಲಿಮೀಟರ್. ಹಾಗೆಂದು ಇದು 7.62ರ ಕೋವಿಯಲ್ಲ. ಪರೀಕ್ಷಕರು ಅಂಗುಲದ ನೂರನೇ ಒಂದು ಭಾಗದಂತೆ ಏರುವ ಅಳತೆಕಡ್ಡಿಗಳನ್ನು ತೂರಿಸುತ್ತಿದ್ದರು. ಒಳಹೋದ ಅತಿ ದಪ್ಪ ಕಡ್ಡಿಯ ಅಂಕಿಯನ್ನು ಒತ್ತುತ್ತಿದ್ದರು. ಗೆರೆಗಳ ದಿಬ್ಬಗಳ ನಡುವೆ 7.80 ಇರುವ ನಳಿಗೆಗೆ 7.62ರ ಕಡ್ಡಿ ಹೋಗುತ್ತದೆ, ಮುಂದಿನ 7.87ರದು ಹೋಗುವುದಿಲ್ಲ. ಹೀಗೆ ಎಂಟು ಮಿಲಿಮೀಟರಿನದೆಂದು ಕರೆಯುವ ಕೋವಿಗೆ 172.28ರ ಮುದ್ರೆ ಬೀಳುತ್ತದೆ.

ಇಲ್ಲಿ ತಪ್ಪಿದರೆ ಕಣ್ಣು, ಬೆರಳು ಎರಡಕ್ಕೂ ಅಪಾಯ. ಹಳೆಯ ಎಂಟು ಮಿಲಿಮೀಟರಿನ ಕೋವಿಯ ಗುಂಡು ಸುಮಾರು 8.1 ಮಿಲಿಮೀಟರ್, ನಂತರ ಬಂದ ‘ಎಸ್’ ಗುಂಡು 8.2. ತೋಟೆಯ ಕವಚ ಒಂದೇ ಅಳತೆಯದಾದ್ದರಿಂದ ದಪ್ಪ ಗುಂಡಿನ ತೋಟೆ ಹಳೆಯ ಕೋವಿಯೊಳಗೂ ಸಲೀಸಾಗಿ ಕೂರಬಹುದು. ಮುದ್ರೆಯ ನಂತರವೂ ಯಾರಾದರೂ ತೋಟೆ ಕೂರುವ ಕೋಣೆಯನ್ನು ಹಿಗ್ಗಿಸಿರಬಹುದು. ಅದಕ್ಕೇ ಅನುಭವಿ ಕೋವಿಗಾರರು ಮುದ್ರೆ ಓದಿದ ಮೇಲೂ ಕೋಣೆಯೊಳಗೆ ಕರಗಿದ ಗಂಧಕ ಎರೆದು ಅಚ್ಚು ತೆಗೆಯುತ್ತಾರೆ, ನಳಿಗೆಯಲ್ಲಿ ಮೆತ್ತನೆಯ ಸೀಸದ ತುಂಡನ್ನು ತಳ್ಳಿ ಅಳೆಯುತ್ತಾರೆ. ತೋಟೆಯ ಹೆಸರು ಹೇಳುವುದು ಆಮೇಲೆ.