ಮೇಜಿನ ಅಂಚಿನ ಟವೆಲು

ಮಾನ್ಯ ಅಧ್ಯಕ್ಷರೇ, ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ,

ನನ್ನ ಕೈಯಲ್ಲಿರುವುದು ಪೆನ್ನು ಹಾಕಿಡುವ ಸ್ಟ್ಯಾಂಡ್ ಎಂದು ಮುಂದಿನ ಸಾಲಿನವರಿಗೆ ಅನಿಸುತ್ತಿರಬಹುದು. ತಪ್ಪಿಲ್ಲ, ಮೂರು ವಾರ ಇದು ಅದೇ ಕೆಲಸ ಮಾಡಿದೆ. ಆದರೆ ನಮ್ಮ ಆರು ಮಂದಿ ವಿದ್ಯಾರ್ಥಿಗಳು ಎರಡು ತಿಂಗಳು ತಲೆಕೆಡಿಸಿಕೊಂಡು ಇದನ್ನು ಮಾಡಿದ್ದು ಕಾದ ಚಿಮುಟ ಇಡಲಿಕ್ಕೆ. ಆಮಂತ್ರಣ ಪತ್ರಿಕೆಯಲ್ಲಿ ‘ವಿಜ್ಞಾನಿಸ್ನೇಹಿ ಪ್ರಯೋಗಾಲಯ ಉಪಕರಣಗಳ ವಿನ್ಯಾಸ’ ಎಂದು ಅಚ್ಚು ಹಾಕಿಸಿದ್ದಾರೆ. ಅಷ್ಟು ದೊಡ್ಡ ಹೆಸರಿಗೆ ಹೆದರಬೇಡಿ. ನಾನು ಹೇಳಲಿರುವುದು ಚಿಮುಟದ ಸ್ಟ್ಯಾಂಡ್ ಪೆನ್ನಿನ ಸ್ಟ್ಯಾಂಡ್ ಆದ ಕಥೆಯನ್ನು.

ಕಾಸರಗೋಡಿಗೆ ಪ್ರಯೋಗಾಲಯ ಹೊಸದಲ್ಲ. ಇಲ್ಲಿನ ತೆಂಗು ಸಂಶೋಧನಾ ಕೇಂದ್ರ 1916ರಲ್ಲಿ ಶುರುವಾಯಿತು. ಇಂದಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಅದರದೇ ಮುಂದುವರಿಕೆ. ಎತ್ತರದ ತೆಂಗಿಗೂ ಗಿಡ್ಡ ತೆಂಗಿಗೂ ಸಂಕರ ಮಾಡಿದ್ದು 1932ರಲ್ಲಿ, ನಮ್ಮ ನೀಲೇಶ್ವರದಲ್ಲಿ. ಆ ಕೆಲಸ ನಡೆಯುವ ಜಾಗ ಮರದ ತಲೆ. ಹೊಂಬಾಳೆ ಬಿರಿದ ಮೇಲೆ ಗಂಡು ಹೂಗಳನ್ನು ತೆಗೆದು, ಚೀಲ ಕಟ್ಟಿ, ಹೆಣ್ಣು ಹೂ ಹದಕ್ಕೆ ಬಂದಾಗ ಪರಾಗ ಹಾಕಬೇಕು. ಒಂದು ಕೈಯಲ್ಲಿ ಮರ, ಇನ್ನೊಂದು ಕೈಯಲ್ಲಿ ವಿಜ್ಞಾನ. ಎರಡು ಕೈ ಬೇಡುವ ಉಪಕರಣ ಎಷ್ಟೇ ನಿಖರವಾಗಿರಲಿ, ಅದು ಬುಡದಲ್ಲೇ ಉಳಿಯುತ್ತದೆ. ಮರ ಹತ್ತುವವನನ್ನು ಕೇಳದೆ ಅಲ್ಲಿಗೆ ಬೇಕಾದ ಸಲಕರಣೆ ಮಾಡಲು ಹೊರಟವರ ಪಾಡು ಏನಾದೀತು ಎಂದು ನಾನು ಹೇಳಬೇಕಾಗಿಲ್ಲ.

ದ್ರಾವಣ ಅಳೆದು ಹಾಕುವ ಪಿಪೆಟ್ಟಿನ ಕಥೆಯೂ ಇದೇ ಬಗೆಯದು. ಒಂದು ಕಾಲದಲ್ಲಿ ಗಾಜಿನ ಕೊಳವೆಯನ್ನು ಬಾಯಿಗಿಟ್ಟು ದ್ರಾವಣ ಹೀರುತ್ತಿದ್ದರು. ನಾನೂ ಹೀರಿದ್ದೇನೆ, ಸೋಡಿಯಂ ಹೈಡ್ರಾಕ್ಸೈಡಿನ ರುಚಿ ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಜರ್ಮನಿಯ ಮಾರ್ಬುರ್ಗಿನಲ್ಲಿ ಹೈನ್ರಿಖ್ ಶ್ನಿಟ್ಗರ್ ಎಂಬ ಯುವ ಸಂಶೋಧಕನಿಗೆ ಈ ಹೀರಾಟ ಸಾಕಾಗಿ, ಸ್ಪ್ರಿಂಗ್ ಇರುವ ಕೊಂತ (ಪಿಸ್ಟನ್) ಮತ್ತು ಬದಲಿಸಬಹುದಾದ ತುದಿಯ ಪಿಪೆಟ್ಟನ್ನು ತಾನೇ ಕಟ್ಟಿಕೊಂಡ. ಪೇಟೆಂಟಿಗೆ ಅರ್ಜಿ ಹಾಕಿದ್ದು 1957ರಲ್ಲಿ. ಬಾಯಿ ಬದುಕಿತು, ಕಷ್ಟ ಹೆಬ್ಬೆರಳಿಗೆ ವರ್ಗವಾಯಿತು. 96 ಗುಳಿಗಳ ಒಂದು ತಟ್ಟೆಗೆ ಮೂರು ದ್ರಾವಣ ಹಾಕುವ ಲೆಕ್ಕ ನೋಡಿ. ಹೀರಲು ಒಮ್ಮೆ, ಬಿಡಲು ಒಮ್ಮೆ, ತುದಿ ಕಳಚಲು ಒಮ್ಮೆ ಎಂದರೂ ಹೆಬ್ಬೆರಳು 864 ಸಲ ಒತ್ತಬೇಕು. ಅದು ಒಂದು ತಟ್ಟೆಯ ಮಾತು. ಹಗುರವಾದ ಸ್ಪ್ರಿಂಗಿನ ಪಿಪೆಟ್, ಒಂದೇ ಸಲಕ್ಕೆ ಎಂಟು ಗುಳಿ ತುಂಬುವ ಪಿಪೆಟ್, ವಿದ್ಯುತ್ ಪಿಪೆಟ್ ಎಲ್ಲ ಬೇಕಾದದ್ದು ಈ ಹೆಬ್ಬೆರಳಿಗಾಗಿ.

ಈಗ ಸ್ಟ್ಯಾಂಡಿಗೆ ಬರುತ್ತೇನೆ. ಜಿಲ್ಲೆಯಲ್ಲೇ ಇರುವ, ಬಾಳೆಯ ಅಂಗಾಂಶ ಕೃಷಿ (ಚಿಗುರಿನ ಚೂರಿನಿಂದ ಬಾಟಲಿಯಲ್ಲಿ ಸಸಿ ಬೆಳೆಸುವ ಕೆಲಸ) ಮಾಡುವ ಒಂದು ಪ್ರಯೋಗಾಲಯಕ್ಕೆ ನಮ್ಮವರು ಹೋದರು. ಸಸ್ಯಶಾಸ್ತ್ರದ ಮೂವರು, ಪಾಲಿಟೆಕ್ನಿಕ್ಕಿನ ಇಬ್ಬರು, ಕನ್ನಡ ಎಂ.ಎ. ಓದುವ ಒಬ್ಬಳು. ಕನ್ನಡದವಳು ಯಾಕೆ ಎಂದು ಅಧ್ಯಾಪಕರೊಬ್ಬರು ನನ್ನನ್ನು ಕೇಳಿದ್ದರು. ಈ ಸಭೆಯಲ್ಲಿ ಅವರೂ ಇದ್ದಾರೆ. ಲ್ಯಾಬಿನಲ್ಲಿ ಮಲಯಾಳಿ ಚೇಚಿಯೊಬ್ಬರು (ಚೇಚಿ ಎಂದರೆ ಅಕ್ಕ) ಶೋಧಿಸಿದ ಗಾಳಿ ಹರಿಯುವ ಲ್ಯಾಮಿನಾರ್ ಫ್ಲೋ ಮೇಜಿನ ಮುಂದೆ ಕುಳಿತು, ಸ್ಪಿರಿಟ್ ದೀಪದಲ್ಲಿ ಚಿಮುಟ ಕಾಯಿಸಿ, ಆರಿಸಿ, ಎಳೆಯ ಚಿಗುರನ್ನು ಕತ್ತರಿಸಿ ಬಾಟಲಿಯಿಂದ ಬಾಟಲಿಗೆ ದಾಟಿಸುತ್ತಾರೆ. ಬೆಳಿಗ್ಗೆ ಕುಳಿತರೆ ಊಟದವರೆಗೂ ಇದೇ. ಕಾದ ಚಿಮುಟ ಇಡಲು ಸರಿಯಾದ ಜಾಗವಿಲ್ಲದ್ದು ಹುಡುಗರ ಕಣ್ಣಿಗೆ ಬಿತ್ತು. ಸಿಕ್ಕಿತು ಸಮಸ್ಯೆ ಎಂದು ಓಡಿ ಬಂದು 3ಡಿ ಪ್ರಿಂಟರಿನಲ್ಲಿ ಸ್ಟ್ಯಾಂಡ್ ತೆಗೆದರು. ಆ ಪ್ರಿಂಟರಿಗೆ ಹಾಕಿದ ಪಿಎಲ್ಎ ಎಂಬ ಪ್ಲಾಸ್ಟಿಕ್ 60 ಡಿಗ್ರಿಯ ಹೊತ್ತಿಗೇ ಮೆತ್ತಗಾಗುತ್ತದೆ, 121 ಡಿಗ್ರಿಯ ಹಬೆಯಲ್ಲಿ ಸೂಕ್ಷ್ಮಾಣು ಕೊಲ್ಲುವ ಆಟೋಕ್ಲೇವಿಗಂತೂ ಹಾಕುವ ಹಾಗೇ ಇಲ್ಲ. ನೋಡಿ, ಇಲ್ಲಿ ಸೊಟ್ಟಗಾದ ಗುರುತು ಇನ್ನೂ ಇದೆ. ಚೇಚಿ ‘ಚೆನ್ನಾಗಿದೆ ಮಕ್ಕಳೇ’ ಎಂದರು, ಚಹಾ ಕೊಟ್ಟು ಕಳಿಸಿದರು, ಮರುದಿನ ಅದರಲ್ಲಿ ಪೆನ್ನು ಸಿಕ್ಕಿಸಿದರು.

ಹೊಗಳಿಕೆಯಷ್ಟು ದಾರಿ ತಪ್ಪಿಸುವ ಉತ್ತರ ಇನ್ನೊಂದಿಲ್ಲ. ನಮ್ಮ ಊರಿನಲ್ಲಿ ಮನೆಗೆ ಬಂದವರ ಮುಖಕ್ಕೆ ಹೊಡೆದ ಹಾಗೆ ಯಾರೂ ಮಾತಾಡುವುದಿಲ್ಲವಲ್ಲ. ಅದಕ್ಕೇ ಹುಡುಗರು ಪ್ರಶ್ನಾವಳಿ ಮಾಡಿಕೊಂಡು ಹೋಗಿದ್ದರು, ಅದೂ ಇಂಗ್ಲಿಷಿನಲ್ಲಿ. ಕೈ ನೋಯುತ್ತದೆಯೇ ಎಂಬಲ್ಲಿ ಚೇಚಿ ‘ಇಲ್ಲ’ಕ್ಕೆ ಗುರುತು ಹಾಕಿದ್ದರು. ಮೂರು ವಾರದ ನಂತರ ಮತ್ತೆ ಹೋದಾಗ ಕನ್ನಡದ ಹುಡುಗಿ ಕಾಗದ ಬದಿಗಿಟ್ಟು, ತನ್ನ ಅರೆಬರೆ ಮಲಯಾಳದಲ್ಲಿ ಊಟದ ಹೊತ್ತಿನಲ್ಲಿ ಮಾತಿಗೆಳೆದಳು. ಆಗ ಬಂತು ಮಾತು: ನೋವಿಲ್ಲ, ಆದರೆ ‘ತರಿಪ್ಪ್’ ಇದೆ. ತರಿಪ್ಪ್ ಎಂದರೆ ನಮ್ಮ ಜೋಮು. ಕಿರುಬೆರಳು ಮತ್ತು ಉಂಗುರ ಬೆರಳು ಮರಗಟ್ಟಿದ ಹಾಗೆ. ಪ್ರಶ್ನಾವಳಿಯಲ್ಲಿ ಜೋಮಿಗೆ ಚೌಕವೇ ಇರಲಿಲ್ಲ. ಏಳು ಭಾಷೆಗಳ ನಾಡು ಎಂದು ಭಾಷಣಗಳಲ್ಲಿ ಎದೆಯುಬ್ಬಿಸುವ ನಾವು, ದೂರು ಕೇಳುವಾಗ ಮಾತ್ರ ಇಲ್ಲಿ ಯಾರ ಮನೆಮಾತೂ ಅಲ್ಲದ ಭಾಷೆಯಲ್ಲಿ ಕೇಳುತ್ತೇವೆ.

ಆ ದಿನವೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಚೇಚಿ ಕೆಲಸಕ್ಕೆ ಕೂರುವಾಗ ಡ್ರಾಯರಿನಿಂದ ಮಡಚಿದ ಟವೆಲು ತೆಗೆದು ಮೇಜಿನ ಉಕ್ಕಿನ ಅಂಚಿಗೆ ಹಾಕಿ, ಅದರ ಮೇಲೆ ಮೊಣಕೈ ಊರಿದರು. ಹಿಂದಿನ ಸಲ ಇದು ಕಂಡಿರಲಿಲ್ಲ, ಯಾಕೆಂದರೆ ಹೊರಗಿನವರು ಬಂದಾಗ ಅವರು ಅದನ್ನು ಅಡಗಿಸುತ್ತಾರೆ. ಮೇಲಿನವರು ಬೈದಿದ್ದರಂತೆ. ಬೈದದ್ದು ಸುಳ್ಳು ಕಾರಣಕ್ಕಲ್ಲ: ಟವೆಲಿನಿಂದ ಎಳೆ ಉದುರುತ್ತದೆ, ಪಕ್ಕದಲ್ಲೇ ಬೆಂಕಿ ಇದೆ. ಆದರೆ ಟವೆಲು ಯಾಕೆ ಬಂತು ಎಂದು ಅವರು ಕೇಳಲಿಲ್ಲ. ಮೊಣಕೈಯ ಒಳಬದಿಯಲ್ಲಿ ಹಾದುಹೋಗುವ ಅಲ್ನಾರ್ ನರ ಚೂಪಾದ ಅಂಚಿಗೆ ಒತ್ತಿದರೆ ಜೋಮು ಹಿಡಿಯುವುದು ಅದೇ ಎರಡು ಬೆರಳುಗಳಿಗೆ. ಹಿಡಿಕೆಗೆ ಸುತ್ತಿದ ಪ್ಲಾಸ್ಟರ್, ಸ್ವಿಚ್ಚಿನ ಮೇಲೆ ಮಾರ್ಕರಿನಿಂದ ಬರೆದ ಗುರುತು, ಕುರ್ಚಿಯಡಿಯ ಇಟ್ಟಿಗೆ, ಇವೆಲ್ಲ ಬಳಸುವವರು ತಯಾರಕರಿಗೆ ಬರೆದು ಅಂಚೆಗೆ ಹಾಕದೆ ಇಟ್ಟುಕೊಂಡ ಪತ್ರಗಳು.

ಪರಿಹಾರ ಎಷ್ಟು ಸಣ್ಣದೆಂದರೆ ಹೇಳಲು ಹುಡುಗರಿಗೆ ನಾಚಿಕೆ. ದಪ್ಪ ಸಿಲಿಕೋನ್ ಕೊಳವೆಯನ್ನು ಉದ್ದಕ್ಕೆ ಸೀಳಿ ಅಂಚಿಗೆ ತೊಡಿಸಿದರು. ಎಳೆ ಉದುರುವುದಿಲ್ಲ, 70 ಶೇಕಡಾ ಆಲ್ಕೋಹಾಲಿನಲ್ಲಿ ಒರೆಸಬಹುದು, ಬೇಕಾದರೆ ಕಳಚಿ ಆಟೋಕ್ಲೇವಿಗೂ ಹಾಕಬಹುದು. ಪಾಲಿಟೆಕ್ನಿಕ್ಕಿನ ಹುಡುಗರು ಮೊದಲು ಅದನ್ನು ಅಂಟು ಹಾಕಿ ಕೂರಿಸಿದ್ದರು. ಕಳಚಿ ತೊಳೆಯಲು ಆಗಬೇಕು ಎಂದು ಸಸ್ಯಶಾಸ್ತ್ರದವರು ಜಗಳ ಮಾಡಿ ತೆಗೆಸಿದರು. ಕೂಡಿ ಮಾಡುವ ಸಂಶೋಧನೆ ಎಂದರೆ ಹೆಚ್ಚುಕಡಿಮೆ ಈ ಜಗಳವೇ.

ಅಗ್ಗದ ಉಪಕರಣಗಳ ಬಗ್ಗೆ ಒಂದು ಮಾತು. ಗುಂಡಿಗೆ ದಾರ ಪೋಣಿಸಿ ಎಳೆದು ತಿರುಗಿಸುವ ಮಕ್ಕಳ ಆಟಿಕೆ ನಿಮಗೆ ಗೊತ್ತು. ಅದೇ ತತ್ವದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಅವರ ತಂಡ ಕಾಗದದ ಸೆಂಟ್ರಿಫ್ಯೂಜ್ (ರಕ್ತದ ಮಾದರಿಯನ್ನು ವೇಗವಾಗಿ ತಿರುಗಿಸಿ ಅದರ ಅಂಶಗಳನ್ನು ಬೇರ್ಪಡಿಸುವ ಸಾಧನ) ಮಾಡಿ 2017ರಲ್ಲಿ ಪ್ರಕಟಿಸಿತು. ನಿಮಿಷಕ್ಕೆ 1,25,000 ಸುತ್ತು, ವೆಚ್ಚ 20 ಸೆಂಟ್, ವಿದ್ಯುತ್ ಬೇಡ. ನನಗೆ ಅದರ ಮೇಲೆ ತುಂಬಾ ಗೌರವವಿದೆ. ಆದರೆ ಅದನ್ನು ಓದಿದ ನಮ್ಮ ವಿದ್ಯಾರ್ಥಿಗಳು ಅಗ್ಗವಾದದ್ದೆಲ್ಲ ಸುಲಭವೂ ಹೌದು ಎಂದುಕೊಳ್ಳುತ್ತಾರೆ. ದಿನಕ್ಕೆ ನಾಲ್ಕು ಮಾದರಿ ನೋಡುವ ಹಳ್ಳಿಯ ಆರೋಗ್ಯ ಕಾರ್ಯಕರ್ತೆಗೆ ಒಗ್ಗಿದ್ದು ದಿನಕ್ಕೆ ಇನ್ನೂರು ನೋಡುವವರ ತೋಳಿಗೆ ಒಗ್ಗಬೇಕೆಂದಿಲ್ಲ.

ಸಿಲಿಕೋನ್ ಅಂಚು ಈಗಲೂ ಅಲ್ಲೇ ಇದೆ. ಟವೆಲು ಡ್ರಾಯರಿನಲ್ಲಿ ಇದೆಯೇ ಎಂದು ನಾವು ಪ್ರತಿ ಸಲ ಕದ್ದು ನೋಡುತ್ತೇವೆ. ಕಳೆದ ತಿಂಗಳು ಇರಲಿಲ್ಲ. ಬದಲಿಗೆ ಚೇಚಿ, ತಾವಾಗಿಯೇ, ಕುರ್ಚಿಯ ಎತ್ತರದ ಬಗ್ಗೆ ಹತ್ತು ನಿಮಿಷ ಬೈದರು. ಮುಂದಿನ ಶನಿವಾರ ಅದಕ್ಕಾಗಿ ಹೋಗುತ್ತಿದ್ದೇವೆ. ಅಲ್ಲಿ ತುಳು ಮಾತಾಡುವ ಇಬ್ಬರು ಹೊಸದಾಗಿ ಸೇರಿದ್ದಾರೆ, ಆದ್ದರಿಂದ ತುಳು ಬಲ್ಲ ಒಬ್ಬರು ಬೇಕು. ವೆಲ್ಡಿಂಗ್ ಬಲ್ಲವರೊಬ್ಬರು ಬೇಕು. ಹೆಸರು ಕೊಡುವವರು ಸಭೆ ಮುಗಿದ ಮೇಲೆ ಇಲ್ಲೇ ನಿಲ್ಲಿ.