ಪೆಟ್ಟು ತಲೆಗೆ, ಕಫ ಎದೆಯಲ್ಲಿ

ಕೇಳುಗರಿಗೆ ನಮಸ್ಕಾರ.

ಆಟಿ ತಿಂಗಳಲ್ಲಿ ಮಳೆ ಸ್ವಲ್ಪ ಬಿಟ್ಟರೆ ಸಾಕು, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಎಲ್ಲರಿಗೂ ಅಡಿಕೆಗೆ ಮದ್ದು ಬಿಡುವ ಅವಸರ. ಮರ ಪಾಚಿಗಟ್ಟಿರುತ್ತದೆ. ಹತ್ತಲು ಕಾಲಿಗೆ ಹಾಕುವ ತಳೆ ಜಾರಿದರೆ ತೋಟದಿಂದ ನೇರ ಮಂಗಳೂರಿಗೆ ಆಂಬುಲೆನ್ಸ್.

ಹಾಗೆ ಬಂದ ಒಬ್ಬರ ತಮ್ಮ ಮೂರನೇ ದಿನ ಐಸಿಯು ಬಾಗಿಲಲ್ಲಿ ನನ್ನನ್ನು ತಡೆದರು. ಅಂಗಿಯ ತೋಳಿನಲ್ಲಿ ಮೈಲುತುತ್ತಿನ ನೀಲಿ ಕಲೆ ಇನ್ನೂ ಹಾಗೇ ಇತ್ತು. "ಡಾಕ್ಟ್ರೇ, ಅಣ್ಣನಿಗೆ ಪೆಟ್ಟಾದದ್ದು ತಲೆಗೆ. ಈಗ ನೋಡಿದರೆ ಎದೆಯಲ್ಲಿ ಕಫ ಅಂತೀರಿ. ಅದು ಹೇಗೆ?"

ಬಿದ್ದ ಕ್ಷಣ ಆದ ಹಾನಿ ಒಂದು. ಆಮೇಲೆ ಗಂಟೆಗಳಲ್ಲಿ, ದಿನಗಳಲ್ಲಿ ಆಗುವುದು ಇನ್ನೊಂದು. ಮೆದುಳಿನಲ್ಲಿ ಮೈಕ್ರೋಗ್ಲಿಯಾ ಅನ್ನುವ ಕಾವಲು ಕೋಶಗಳಿವೆ. ಸ್ಪೇನಿನ ಪಿಯೊ ಡೆಲ್ ರಿಯೊ ಒರ್ಟೆಗ 1919ರಲ್ಲಿ ಇವನ್ನು ಗುರುತಿಸಿ ಹೆಸರಿಟ್ಟರು. ಸಣ್ಣ ಕೈ ಚಾಚಿ ಇವು ಸುತ್ತಮುತ್ತ ತಡಕುತ್ತಲೇ ಇರುತ್ತವೆ. ಒಡೆದ ಕೋಶದ ಚೂರು ಸಿಕ್ಕಿದ ಕೂಡಲೇ ಸೈಟೊಕೈನ್ ಎಂಬ ವಸ್ತು ಬಿಟ್ಟು ಬೊಬ್ಬೆ ಹಾಕುತ್ತವೆ. ರಕ್ತನಾಳದ ಗೋಡೆ ಸಡಿಲಾಗುತ್ತದೆ. ಬಿಳಿ ರಕ್ತಕಣಗಳು ನುಗ್ಗುತ್ತವೆ, ನೀರು ಒಸರುತ್ತದೆ. ಕಣಜ ಕಚ್ಚಿದ ಕೈ ಊದುವುದೂ ಹೆಚ್ಚುಕಡಿಮೆ ಹೀಗೇ. ಆದರೆ ಕೈಗೆ ಊದಲು ಜಾಗ ಇದೆ. ಮೆದುಳು ಇರುವುದು ತೆಂಗಿನ ಗೆರಟೆಯಂಥ ಗಟ್ಟಿ ತಲೆಬುರುಡೆಯೊಳಗೆ, ಅಲ್ವಾ? ಊದಿದಷ್ಟೂ ಒಳಗಿನ ಒತ್ತಡ ಏರಿ, ರಕ್ತ ಬರುವ ದಾರಿಯೇ ಇಕ್ಕಟ್ಟಾಗುತ್ತದೆ.

ಈ ಬೊಬ್ಬೆ ತಲೆಯೊಳಗೇ ನಿಲ್ಲುವುದಿಲ್ಲ. ರಕ್ತದಲ್ಲಿ ಸೇರಿ ಮೈಯೆಲ್ಲ ಹರಡುತ್ತದೆ. ಶ್ವಾಸಕೋಶದಲ್ಲಿ ಉರಿಯೂತ ಆಗಬಹುದು, ಕರುಳಿನ ಗೋಡೆ ಸೋರಬಹುದು. ವಿಚಿತ್ರ ಏನೆಂದರೆ, ಇಷ್ಟೆಲ್ಲ ಗದ್ದಲದ ನಡುವೆ ರೋಗಾಣುಗಳನ್ನು ಎದುರಿಸುವ ಶಕ್ತಿ ಮಾತ್ರ ಕುಗ್ಗುತ್ತದೆ. ಎಚ್ಚರ ಇಲ್ಲದವರಿಗೆ ಕೆಮ್ಮಿ ಕಫ ಉಗಿಯಲೂ ಆಗುವುದಿಲ್ಲ. ನ್ಯುಮೋನಿಯಾಕ್ಕೆ ಇನ್ನೇನು ಬೇಕು?

"ಬಾವು ಇಳಿಯುವ ಇಂಜೆಕ್ಷನ್ ಕೊಡಿ ಹಾಗಾದರೆ" ಅಂದರು. ಡಾಕ್ಟರುಗಳೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡು ಸ್ಟೀರಾಯ್ಡ್ ಕೊಡುತ್ತಿದ್ದರು. 10,008 ರೋಗಿಗಳ ಮೇಲೆ ನಡೆದ 'ಕ್ರ್ಯಾಶ್' ಅಧ್ಯಯನದ ಫಲಿತಾಂಶ 2004ರಲ್ಲಿ ಬಂತು. ಎರಡು ವಾರದೊಳಗೆ ತೀರಿಕೊಂಡವರು ಸ್ಟೀರಾಯ್ಡ್ ಪಡೆದವರಲ್ಲಿ ನೂರಕ್ಕೆ 21, ಪಡೆಯದವರಲ್ಲಿ 18. ಮದ್ದೇ ಮುಳುವಾಗಿತ್ತು! ಹಾಗಾಗಿ ಈಗ ಮಂಚದ ತಲೆಭಾಗ 30 ಡಿಗ್ರಿ ಎತ್ತಿ, ಉಸಿರು, ರಕ್ತದೊತ್ತಡ, ಜ್ವರ ಹದದಲ್ಲಿಟ್ಟು, ಕಫ ಎಳೆದು ತೆಗೆಯುತ್ತಾ ಕಾಯುವುದೇ ಜಾಸ್ತಿ.

ಮಾತಿನ ಮಧ್ಯೆ ಅವರೇ ಹೇಳಿದರು, ಅಣ್ಣ ಬಿದ್ದ ಕೂಡಲೇ ಎತ್ತಿ ಕೂರಿಸಿ ನೀರು ಕುಡಿಸಿದ್ದರಂತೆ. ಪ್ರೀತಿಯಿಂದಲೇ ಮಾಡಿದ್ದು. ಆದರೆ ಎಚ್ಚರ ತಪ್ಪಿದವರ ಬಾಯಿಗೆ ಬಿಟ್ಟ ನೀರು ಶ್ವಾಸಕೋಶಕ್ಕೇ ಇಳಿಯಬಹುದು. ಕುತ್ತಿಗೆ ಅಲುಗಿಸದೆ ಮಲಗಿದಲ್ಲೇ ಬಿಡಿ. ವಾಂತಿ ಬಂದರೆ ತಲೆ, ಮೈ ಒಟ್ಟಿಗೇ ಒಂದು ಬದಿಗೆ ಹೊರಳಿಸಿ. 108ಕ್ಕೆ ಫೋನ್ ಮಾಡಿ. ನೀರಿನ ಚೊಂಬು ದೂರ ಇರಲಿ.