ಹತ್ತು ವರ್ಷ ಹಳೆಯ ಹಿಂಸೆ: ಈಗ ಡೈವೋರ್ಸ್ ಕೇಳಬಹುದಾ?

[ದೃಶ್ಯ: ಬೀರು, ಸೀರೆಗಳ ಮಡಿಕೆ. ಅದರ ಅಡಿಯಿಂದ ಒಂದು ಕೈ ಹಳೇ ಆಸ್ಪತ್ರೆ ಚೀಟಿಯನ್ನು ಹೊರಗೆ ತೆಗೆಯುತ್ತದೆ.]

ನಮಸ್ಕಾರ. ಈ ಚೀಟಿ ನೋಡಿ. ಮಡಚಿ ಮಡಚಿ ನಡುವೆ ಹರಿದಿದೆ, ಇಂಕು ಮಾಸಿದೆ. ಆದರೂ ಎರಡು ವಿಷಯ ಓದಬಹುದು. ಎಡಗೈ ಮಣಿಕಟ್ಟಿಗೆ ಪೆಟ್ಟು. ಮತ್ತೆ ಒಂದು ತಾರೀಖು. ಇದು ವಿಡಿಯೋಗಾಗಿ ನಾವೇ ಮಾಡಿದ ಚೀಟಿ. ಆದರೆ ಇಂಥ ಚೀಟಿ ಎಷ್ಟೋ ಮನೆಗಳ ಬೀರುವಿನಲ್ಲಿ ಇದೆ. ಕೇಳಿದರೆ ನೆಂಟರು ಹೇಳುವುದು ಒಂದೇ: "ಅಯ್ಯೋ, ಅದು ಹಳೇ ಕಥೆ. ಈಗ ಕೋರ್ಟು ಕೇಳಲ್ಲ, ಟೈಮ್ ಮುಗೀತು."

ಆ ಮಾತು ತಪ್ಪು. ಕ್ರೌರ್ಯದ ಕಾರಣಕ್ಕೆ ಡೈವೋರ್ಸ್ ಕೇಳಲು ಇಷ್ಟೇ ವರ್ಷದೊಳಗೆ ಬನ್ನಿ ಅಂತ ಹಿಂದೂ ವಿವಾಹ ಕಾಯ್ದೆ ಎಲ್ಲೂ ಗಡುವು ಇಟ್ಟಿಲ್ಲ. ಕೊಟ್ಟ ಸಾಲ ವಾಪಸ್ ಕೇಳಲು ಮೂರು ವರ್ಷ ಅನ್ನುತ್ತಾರಲ್ವಾ? ಅದು 1963ರ ಕಾಲಮಿತಿ ಕಾಯ್ದೆಯ ಲೆಕ್ಕ. ಮದುವೆ, ವಿಚ್ಛೇದನದ ಕೇಸುಗಳಿಗೆ ಈ ಲೆಕ್ಕ ಬೇಡ ಅಂತ ಅದೇ ಕಾಯ್ದೆಯ ಸೆಕ್ಷನ್ 29(3) ಹೇಳುತ್ತದೆ.

ಹಾಗಂತ ನಿಧಾನಕ್ಕೆ ಹೋದರಾಯಿತು ಅನ್ನುವಂತಿಲ್ಲ. ವಿವಾಹ ಕಾಯ್ದೆಯ ಸೆಕ್ಷನ್ 23ರಲ್ಲಿ ಎರಡು ಪ್ರಶ್ನೆಗಳು ಕಾಯುತ್ತಿರುತ್ತವೆ.

ಮೊದಲನೆಯದು: ಸುಮ್ನೆ ತಡ ಮಾಡಿದಿರಾ? ಮಕ್ಕಳ ಎಸ್ಸೆಸ್ಸೆಲ್ಸಿ ಮುಗಿಯಲಿ ಅಂದುಕೊಂಡೆ, ತಂಗಿ ಮದುವೆಗೆ ತೊಂದರೆ ಆಗಬಾರದು ಅನ್ನಿಸಿತು, ಹಿರಿಯರು ಕೂತು ರಾಜಿ ಮಾಡಿಸಿದರು. ಇವೆಲ್ಲ ನಮ್ಮ ಮನೆಗಳ ನಿಜವಾದ ಕಾರಣಗಳು. ಹೇಳಲು ನಾಚಿಕೆ ಬೇಡ, ಅರ್ಜಿಯಲ್ಲೇ ಬರೆಸಿ. ಕಾರಣವಿಲ್ಲದ ತಡವನ್ನು ಮಾತ್ರ ಕಾನೂನು ಒಪ್ಪುವುದಿಲ್ಲ.

ಎರಡನೆಯದು: ಆಗಿದ್ದನ್ನು ಕ್ಷಮಿಸಿ ಮತ್ತೆ ಸಂಸಾರ ಮಾಡಿದಿರಾ? ತುಂಬಾ ಜನ ಎಡವುವುದು ಇಲ್ಲೇ.

[ದೃಶ್ಯ: ಸುಪ್ರೀಂ ಕೋರ್ಟ್ ಕಟ್ಟಡ. ಅಕ್ಷರಗಳಲ್ಲಿ: 1975]

ಪುಣೆಯಲ್ಲಿ ಶುರುವಾದ ಒಂದು ಕೇಸು 1975ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಅಲ್ಲಿ ದೂರು ಗಂಡನದು. ಹೆಂಡತಿಯ ನಡವಳಿಕೆ ಕ್ರೌರ್ಯವೇ ಅಂತ ಕೋರ್ಟ್ ಒಪ್ಪಿತು. ಆದರೂ ಗಂಡ ಸೋತ. ಯಾಕೆ? ಅಷ್ಟೆಲ್ಲ ಆದಮೇಲೂ ಇಬ್ಬರೂ ಗಂಡ-ಹೆಂಡಿರಾಗಿಯೇ ಬಾಳಿದ್ದರು, ಮತ್ತೊಂದು ಮಗುವೂ ಆಗಿತ್ತು. ಇದು ಕ್ಷಮೆ ಅಂದಿತು ಕೋರ್ಟ್. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ, ದಯವಿಟ್ಟು ಗಮನವಿಟ್ಟು ಕೇಳಿ. ಆ ಕ್ಷಮೆಗೆ ಒಂದು ಷರತ್ತು ಇರುತ್ತದೆ: ಇನ್ನು ಮುಂದೆ ಹೀಗೆ ಮಾಡಬಾರದು. ಅದನ್ನು ಮೀರಿ ಮತ್ತೆ ಹಿಂಸೆ ಶುರುವಾದರೆ, ಕ್ಷಮಿಸಿದ ಹಳೆಯದಕ್ಕೂ ಜೀವ ಬರುತ್ತದೆ.

ಅಂದರೆ ಆ ಚೀಟಿ ಒಂದೇ ಇದ್ದರೆ, ಆಮೇಲೆ ಹತ್ತು ವರ್ಷ ನೆಮ್ಮದಿಯ ಸಂಸಾರ ನಡೆದಿದ್ದರೆ, ಕೇಸು ನಿಲ್ಲುವುದು ಕಷ್ಟ. ಹೋದ ತಿಂಗಳೂ ಕೈ ಎತ್ತಿದ್ದರೆ ಅದೇ ಚೀಟಿಗೆ ಬೇರೆಯೇ ತೂಕ. ಜಾಗವಿಲ್ಲದೆ, ಕೈಯಲ್ಲಿ ಕಾಸಿಲ್ಲದೆ ಒಂದೇ ಸೂರಿನಡಿ ಉಳಿದವರನ್ನು "ಕ್ಷಮಿಸಿದ್ದಾರೆ" ಅನ್ನುವುದು ಅನ್ಯಾಯ ಅಂತ ನನಗೆ ಅನ್ನಿಸುತ್ತದೆ. ನಿಮ್ಮ ಪರಿಸ್ಥಿತಿ ಹಾಗಿದ್ದರೆ ವಕೀಲರಿಗೆ ಬಿಡಿಸಿ ಹೇಳಿ.

ಪೊಲೀಸ್ ದೂರು ಬೇರೆ ವಿಷಯ. ಅಲ್ಲಿ ಗಡುವು ಇದೆ. ಗಂಡ ಅಥವಾ ಅವನ ಮನೆಯವರು ಹೆಂಡತಿಗೆ ಹಿಂಸೆ ಕೊಡುವುದು ಅಪರಾಧ: ಹಳೆಯ ದಂಡ ಸಂಹಿತೆಯ 498ಎ, ಈಗಿನ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 85. ಶಿಕ್ಷೆ ಮೂರು ವರ್ಷದವರೆಗೆ, ದೂರಿಗೂ ಮೂರು ವರ್ಷ. ಪ್ರತಿ ಹೊಸ ಹಿಂಸೆಯಿಂದ ಎಣಿಕೆ ಹೊಸದಾಗಿ ಶುರುವಾಗುತ್ತದೆ ಅಂತ 1999ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ತಡಕ್ಕೆ ಸರಿಯಾದ ಕಾರಣ ಇದ್ದರೆ ಕೋರ್ಟು ಅದನ್ನು ಮನ್ನಿಸಲೂಬಹುದು.

ಮದುವೆಯಾಗಿ ಒಂದು ವರ್ಷ ಆಗುವ ಮೊದಲು ಮಾತ್ರ ಸಾಮಾನ್ಯವಾಗಿ ಡೈವೋರ್ಸ್ ಅರ್ಜಿ ಹಾಕುವಂತಿಲ್ಲ. ಸಹಿಸಲಾಗದ ಕಷ್ಟ ಇದ್ದರೆ ಅದಕ್ಕೂ ಕೋರ್ಟಿನ ಅನುಮತಿ ಕೇಳಬಹುದು.

[ದೃಶ್ಯ: ಮಕ್ಕಳ ಹಳೇ ನೋಟ್‌ಬುಕ್. ಕೊನೆಯ ಪುಟದಲ್ಲಿ ಪೆನ್ನು ಬರೆಯುತ್ತಿದೆ.]

ಇವತ್ತೇ ಒಂದು ಕೆಲಸ ಮಾಡಿ. ನೆನಪಿರುವ ತಾರೀಖು, ಜಾಗ, ಯಾರು ನೋಡಿದರು, ಬರೆದಿಡಿ. ತಾರೀಖು ನೆನಪಿಲ್ಲವಾ? "ಗೌರಿ ಹಬ್ಬದ ಹಿಂದಿನ ದಿನ" ಅಂತ ಬರೆಯಿರಿ, ಸಾಕು. ಚೀಟಿ, ಮೆಸೇಜು ಎಲ್ಲದರ ಫೋಟೋ ತೆಗೆದು ತವರಲ್ಲಿ ನಂಬಿಕೆ ಇರುವ ಒಬ್ಬರಿಗೆ ಕಳಿಸಿ.

ವಕೀಲರಿಗೆ ದುಡ್ಡಿಲ್ಲ ಅಂತ ಕೈಚೆಲ್ಲಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ನಿಮ್ಮ ಜಿಲ್ಲಾ ಕೋರ್ಟಿನಲ್ಲಿ ಕಾನೂನು ಸೇವಾ ಪ್ರಾಧಿಕಾರ ಎಲ್ಲಿದೆ ಅಂತ ಕೇಳಿ. ಫೋನಿನಲ್ಲಾದರೆ 15100.